ಒಳಗಡೆ ಗಾಜು ಒರೆಸೋದು ಶೋಕಿ ಅಲ್ಲ ಕಣ್ರೇ

ಈ ಸಲ ಕಳಲೆ ಉಪ್ಪಿನಕಾಯಿನೂ ಅಲ್ಲ, ಪತ್ರೊಡೆನೂ ಅಲ್ಲ. ಕಾರಿನ ಗಾಜಿನ ವಿಷಯ. ಅದೂ ಹೊರಗಡೆದಲ್ಲ, ಒಳಗಡೆದು. "ಇದೆಂತ ಮಾರಾಯ್ತಿ, ಇದಕ್ಕೂ ಒಂದು ಪುರಾಣನಾ" ಅಂತ ಅತ್ತಿಗೆ ನಗ್ತಾರೆ ಅಂತ ಗೊತ್ತು. ನಗಲಿ. ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಕಾರಿನ ಹೊರಗಡೆ ಕೊಡಗಟ್ಟಲೆ ನೀರು ಹೊಯ್ದು ತೊಳೆಯೋದು ನೋಡೋರ ಕಣ್ಣಿಗೆ. ಒಳಗಡೆ ಗಾಜು ಒರೆಸೋದು ಕೂತೋರ ಜೀವಕ್ಕೆ. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟೋ ಹಂಗೆ, ಹಪ್ಪಳ ಒಣಗಿಸಿ ಡಬ್ಬಿಗೆ ತುಂಬೋ ಹಂಗೆ ಇದೂ ಒಂದು ಕೆಲಸ. ಮತ್ತೆ ಇದನ್ನ ಮಾಡಬೇಕಾದೋರು ಕೀ ಹಿಡಿಯೋರು.

ಬಯಲುಸೀಮೆಯೋರಿಗೆ ಇದು ದೊಡ್ಡ ಸಂಗತಿ ಅನ್ಸಲ್ಲ. ನಮಗೆ ಹಂಗಲ್ಲ. ಆರಿದ್ರೆ ಮಳೆ ಹಿಡೀತು ಅಂದ್ರೆ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯೋವರೆಗೂ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಸ್ಟು ಬರುತ್ತೆ. ಅಂಥಾದ್ರಲ್ಲಿ ನಾಲ್ಕು ಬಾಗಿಲು ಮುಚ್ಚಿ ಐದು ಜನ ಉಸಿರಾಡೋ ಕಾರಿನ ಗಾಜು ಒಣಗಿರುತ್ತಾ? ಮೂಡಿಗೆರೆ ಕಡೆಯೋರು ಧರ್ಮಸ್ಥಳಕ್ಕೋ ಮಂಗಳೂರಿನ ಆಸ್ಪತ್ರೆಗೋ ಹೋಗಬೇಕು ಅಂದ್ರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳೀಬೇಕು. ಕಳಸದೋರಿಗೆ ಕುದುರೆಮುಖದ ದಾರಿ. ಎರಡರಲ್ಲೂ ಮಳೆ ಜೊತೆ ಮಂಜು, ತಿರುವಿನ ಮೇಲೆ ತಿರುವು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಜರಿದು ದಾರಿನೇ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ಗುಡ್ಡ ನಮ್ಮ ಕೈಲಿಲ್ಲ, ಮಳೆ ನಮ್ಮ ಕೈಲಿಲ್ಲ. ಗಾಜು ಮಾತ್ರ ನಮ್ಮ ಕೈಲಿದೆ.

ಒಳಗಡೆ ಗಾಜಿಗೆ ಮಣ್ಣು ಹಾರಲ್ಲ, ಕೆಸರು ಸಿಡಿಯಲ್ಲ, ಆದ್ರೂ ಯಾಕೆ ಕೊಳೆ ಅಂತ ಕೇಳ್ತೀರಿ. ಅದು ಕೊಳೆ ಅಲ್ಲ, ಜಿಡ್ಡು. ಬಿಸಿಲಲ್ಲಿ ಕಾರು ನಿಂತಾಗ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕಾದು ಕಣ್ಣಿಗೆ ಕಾಣದ ಆವಿ ಬಿಡುತ್ತೆ, ಅದು ಹೋಗಿ ಮುಂದಿನ ಗಾಜಿನ ಮೇಲೆ ಕೂರುತ್ತೆ. ಹೊಸ ಕಾರಿನ ವಾಸನೆ ಅಂತ ಖುಷಿ ಪಡ್ತೀವಲ್ಲ, ಅದರಲ್ಲಿ ಇದೂ ಸೇರಿದೆ. ಮೇಲೆ ಫಳಫಳ ಹೊಳೀಲಿ ಅಂತ ಹಚ್ಚೋ ಪಾಲಿಶ್, ದೇವರ ಮುಂದೆ ಹಚ್ಚೋ ಊದುಬತ್ತಿ ಹೊಗೆ, ಯಾರೋ ಸೇದಿದ ಬೀಡಿ, ಮಕ್ಕಳ ಮೂಗು, ಕೈಯೆಣ್ಣೆ, ತಲೆಯೆಣ್ಣೆ ಎಲ್ಲಾ ಅದರ ಜೊತೆ. ಹಗಲಲ್ಲಿ ಈ ಜಿಡ್ಡು ಕಾಣಲ್ಲ. ರಾತ್ರಿ ಎದುರಿಂದ ಬಸ್ಸಿನ ಲೈಟು ಬಿತ್ತು ಅನ್ನಿ, ಗಾಜಿಗೆ ಗಾಜೇ ಬೆಳ್ಳಗಾಗಿ ರಸ್ತೆ ಎಲ್ಲಿ ಮುಗೀತು, ಚರಂಡಿ ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ಹಬೆನೂ ಇಂಥಾ ಗಾಜಿಗೇ ಬೇಗ ಹಿಡ್ಕೊಳ್ಳೋದು. ಆಗ ಓಡಿಸೋರು ಎಂತ ಮಾಡ್ತಾರೆ? ಅಂಗೈಯಲ್ಲಿ ಸರ್ರನೆ ಒರೆಸ್ತಾರೆ. ಹಬೆ ಒಂದು ನಿಮಿಷ ಹೋಗುತ್ತೆ, ಅಂಗೈ ಎಣ್ಣೆ ಅಲ್ಲೇ ಉಳಿಯುತ್ತೆ. ನಾಳೆ ಕಾಣೋ ಗೆರೆ ಅದೇ.

ಕಾನೂನು ಪ್ರಕಾರ ಕಾರಿನ ಮುಂದಿನ, ಹಿಂದಿನ ಗಾಜಲ್ಲಿ ನೂರಕ್ಕೆ 70 ಪಾಲು, ಪಕ್ಕದ ಗಾಜಲ್ಲಿ 50 ಪಾಲು ಬೆಳಕಾದ್ರೂ ದಾಟಬೇಕು. 2012ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲಂ ಬೇಡ ಅಂದಾಗ ನಮ್ಮೂರ ಕಾರುಗಳ ಫಿಲಂ ಎಲ್ಲಾ ಕಿತ್ತು ಹಾಕಿದ್ರಲ್ಲ. ಫಿಲಂ ಕಿತ್ತು, ಜಿಡ್ಡು ಬಿಟ್ಟುಕೊಂಡ್ರೆ ಎಂತ ಬಂತು ಹೇಳಿ.

ನಮ್ಮ ಅಜ್ಜಿಯರಿಗೆ ಈ ಮಾತು ಹೇಳಬೇಕಾಗಿರಲಿಲ್ಲ. ಕರೆಂಟು ಇಲ್ಲದ ಕಾಲದಲ್ಲಿ ಸಂಜೆ ಆಗೋ ಮುಂಚೆ ಲಾಟೀನು ಗಾಜು ತೆಗೆದು ಒಳಗಡೆ ಕೈ ಹಾಕಿ ಮಸಿ ಒರೆಸಿ ಇಡೋದು ಮನೆಯ ಕೆಲಸದಲ್ಲಿ ಒಂದು. ಲಾಟೀನನ್ನ ಹೊರಗಡೆ ಮಾತ್ರ ಉಜ್ಜಿ ಇಟ್ಟೋರು ಯಾರಾದ್ರೂ ಇದ್ರಾ? ಬೆಳಕು ಬೇಕಾದ್ರೆ ಒಳಗೇ ಒರೆಸಬೇಕು ಅಂತ ಚಿಕ್ಕ ಹುಡುಗಿಗೂ ಗೊತ್ತಿತ್ತು.

ಈಗ ಗೆರೆ ಬರದ ಹಂಗೆ ಒರೆಸೋದು ಹೆಂಗೆ ಅಂತ ಹೇಳ್ತೀನಿ. ಖರ್ಚು ಏನಿಲ್ಲ. ಬೇಕಾಗಿದ್ದು ಎರಡು ಬಟ್ಟೆ, ಒಂದು ಸ್ಪ್ರೇ ಬಾಟ್ಲಿ. ಬಟ್ಟೆ ಮೈಕ್ರೋಫೈಬರ್ ಇದ್ರೆ ಒಳ್ಳೆದು, ಇಲ್ದಿದ್ರೆ ತೊಳೆದು ತೊಳೆದು ನವುರಾದ ಹಳೇ ಬಿಳಿ ಪಂಚೆ ಚೂರು ಸಾಕು. ಟವೆಲ್ ಬೇಡ, ನೂಲು ಬಿಡುತ್ತೆ. ಘಮ ಬರಲಿ ಅಂತ ಕಂಫರ್ಟಲ್ಲಿ ಅದ್ದಿದ ಬಟ್ಟೆನೂ ಬೇಡ, ಅದೂ ಜಿಡ್ಡೇ. ಬೋರ್‌ವೆಲ್ ನೀರು ಗಡಸಾಗಿದ್ರೆ ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತೆ. ನಮ್ಮಲ್ಲಿ ಮಳೆನೀರಿಗೇನು ಬರನಾ? ಅಂಗಳದ ಮಧ್ಯೆ ಒಂದು ಪಾತ್ರೆ ಇಟ್ಟು ನೇರ ಹಿಡಿದ ಮಳೆನೀರು ಗಾಜಿಗೆ ಭಾಳ ಒಳ್ಳೆದು. ಹತ್ತು ಪಾಲು ನೀರಿಗೆ ಒಂದು ಪಾಲು ಬಿಳಿ ವಿನೆಗರ್ ಹಾಕಿ. ವರ್ಷದ ಜಿಡ್ಡಿದ್ರೆ ಮೊದಲ ಸಲ ಮಾತ್ರ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ. ಎರಡನೇ ಹನಿ ಹಾಕಿದ್ರೆ ನೊರೆ ತೆಗೆಯೋದೇ ಇನ್ನೊಂದು ಕೆಲಸ.

ಅಂಗಡಿ ಬಾಟ್ಲಿ ತಂದ್ರೂ ತಪ್ಪಿಲ್ಲ, ಆದ್ರೆ ಗಾಜಿಗೆ ಫಿಲಂ ಇದ್ರೆ ಅಮೋನಿಯಾ ಇಲ್ಲದ್ದೇ ನೋಡಿ ತನ್ನಿ. ಅಮೋನಿಯಾ ಫಿಲಮ್ಮನ್ನ ಹಾಳು ಮಾಡುತ್ತೆ. ಕೊರೊನಾ ಕಾಲದ ಸ್ಯಾನಿಟೈಸರ್ ಉಳಿದಿದೆ ಅಂತ ಗಾಜಿಗೆ ಹಾಕಬೇಡಿ. ಕೈ ಒಡೀದಿರಲಿ ಅಂತ ಅದಕ್ಕೆ ಗ್ಲಿಸರಿನ್ ಹಾಕಿರ್ತಾರೆ, ಗಾಜಿನ ಮೇಲೆ ಅದು ಗೆರೆಯಾಗುತ್ತೆ. ವಾಟ್ಸಾಪಲ್ಲಿ ಬರೋ ಆಲೂಗಡ್ಡೆ ವೈದ್ಯನೂ ನನಗೆ ಸೇರಲ್ಲ. ಆಲೂಗಡ್ಡೆ ಅಂದ್ರೆ ಗಂಜಿ, ಸೀರೆಗೆ ಹಾಕೋ ಗಂಜಿ ಗಾಜಿಗೆ ಯಾಕೆ? ಪೇಪರ್ ಹಾಳೆ ಮನೆ ಕನ್ನಡಿಗೆ ಸರಿ. ಕಾರಲ್ಲಿ ಅದರ ಮಸಿ ಮೇಲಿನ ಬಿಳಿ ಬಟ್ಟೆಗೆ ಹತ್ತಿದ್ರೆ ಹೋಗಲ್ಲ.

ಕಾರನ್ನ ನೆರಳಲ್ಲಿ ನಿಲ್ಲಿಸಿ ಬಾಗಿಲು ತೆಗೆದಿಡಿ. ಬಿಸಿ ಗಾಜಿನ ಮೇಲೆ ನೀರು ಒರೆಸೋ ಮುಂಚೆನೇ ಒಣಗುತ್ತೆ, ಗೆರೆ ಬರೋಕೆ ಅದೂ ಒಂದು ಕಾರಣ. ಮೊದಲು ಡ್ಯಾಶ್‌ಬೋರ್ಡಿನ ಧೂಳು ತೆಗೀರಿ, ಇಲ್ಲಾಂದ್ರೆ ಅದೇ ಧೂಳು ಮತ್ತೆ ಗಾಜಿಗೆ ಬರುತ್ತೆ. ನೀರನ್ನ ಗಾಜಿಗೆ ಹೊಡೀಬೇಡಿ, ಬಟ್ಟೆಗೆ ಹೊಡೀರಿ. ಗಾಜಿಗೆ ಹೊಡೆದ್ರೆ ಇಳಿದು ಸ್ವಿಚ್ಚಿನೊಳಗೆ ಹೋಗುತ್ತೆ. ಒದ್ದೆ ಬಟ್ಟೆಯಲ್ಲಿ ಜಿಡ್ಡು ಎಬ್ಬಿಸಿ, ಅದು ಒಣಗೋ ಮುಂಚೆ ಒಣ ಬಟ್ಟೆಯಲ್ಲಿ ಎಳೀರಿ. ಗುಟ್ಟು ಅಂತ ಇದ್ರೆ ಇಷ್ಟೇ. ಒಂದೇ ಬಟ್ಟೆಯಲ್ಲಿ ಎರಡೂ ಕೆಲಸ ಮಾಡಿದ್ರೆ ಜಿಡ್ಡು ಜಾಗ ಬದಲಿಸುತ್ತೆ, ಹೋಗಲ್ಲ.

ಒಳಗಡೆ ಮೇಲಿಂದ ಕೆಳಗೆ ಒರೆಸಿ, ಹೊರಗಡೆ ಅಡ್ಡಡ್ಡ. ಆಮೇಲೆ ಗೆರೆ ಉಳಿದ್ರೆ ಯಾವ ಕಡೆದು ಅಂತ ಗೆರೆನೇ ಹೇಳುತ್ತೆ. ಹಿಂದಿನ ಗಾಜಲ್ಲಿ ಸಣ್ಣ ತಂತಿ ಗೆರೆ ಇದ್ರೆ ಅಲ್ಲಿ ಮಾತ್ರ ಒಳಗಡೆನೂ ಆ ಗೆರೆ ಹೋದ ಕಡೆಗೇ ಮೆಲ್ಲಗೆ ಒರೆಸಿ. ಅದು ಹಬೆ ಬಿಡಿಸೋ ತಂತಿ, ಬ್ಲೇಡು ತಾಗಿದ್ರೆ ಕೆಟ್ಟೇ ಹೋಗುತ್ತೆ. ಪಕ್ಕದ ಗಾಜನ್ನ ಎರಡು ಇಂಚು ಇಳಿಸಿ ಮೇಲಿನ ಅಂಚು ಒರೆಸಿ, ಜಿಡ್ಡೆಲ್ಲಾ ರಬ್ಬರಿನೊಳಗೆ ಅಡಗಿ ಕೂತಿರೋದು ಅಲ್ಲೇ. ಮುಂದಿನ ಗಾಜಿನ ಕೆಳಗಿನ ಮೂಲೆಗೆ ಕೈ ಹೋಗಲ್ಲ ಅಂತ ಬಿಡಬೇಡಿ. ಎಡಗಡೆ ಸೀಟಲ್ಲಿ ಕೂತ್ರೆ ಸ್ಟೇರಿಂಗ್ ಅಡ್ಡ ಬರಲ್ಲ. ಮರದ ಸಟ್ಟುಗಕ್ಕೆ ಬಟ್ಟೆ ಸುತ್ತಿ ತೂರಿಸಿ. ಸಂಜೆ ಮೇಲೆ ಟಾರ್ಚನ್ನ ಓರೆಯಾಗಿ ಹಿಡಿದು ನೋಡಿದ್ರೆ ಉಳಿದದ್ದೆಲ್ಲಾ ಕಾಣುತ್ತೆ.

"ಎಷ್ಟು ಒರೆಸಿದ್ರೂ ಮಳೇಲಿ ಹಬೆ ಬಂದೇ ಬರುತ್ತೆ, ಸುಮ್ನೆ ಯಾಕೆ" ಅನ್ನೋರಿದ್ದಾರೆ. ಬರುತ್ತೆ, ಹೌದು. ಆದ್ರೆ ಚೊಕ್ಕಟ ಗಾಜಿನ ಹಬೆ ಬೇಗ ಬಿಡುತ್ತೆ. ಅದಕ್ಕೆ ಎಸಿ ಹಾಕಬೇಕು. ಚಳಿಗೆ ಎಸಿ ಯಾಕೆ ಅಂತ ಆಫ್ ಮಾಡ್ತಾರೆ, ಅದೇ ತಪ್ಪು ತಿಳುವಳಿಕೆ. ಎಸಿ ಗಾಳಿಯ ತೇವ ಹೀರುತ್ತೆ. ಎಸಿ ಹಾಕಿ, ಗುಂಡಿಯನ್ನ ಬೆಚ್ಚಗಿನ ಕಡೆ ತಿರುಗಿಸಿ, ಗಾಳಿ ಮುಂದಿನ ಗಾಜಿಗೆ ಬಿಡಿ, ಹೊರಗಿನ ಗಾಳಿ ಒಳಗೆ ಬರೋ ಹಂಗೆ ಇಡಿ. ಒಳಗಿನ ಗಾಳಿನೇ ಸುತ್ತಿಸಿದ್ರೆ ನಮ್ಮ ಉಸಿರೇ ಗಾಜಿಗೆ ಬರೋದು. ಹಬೆ ಯಾವ ಕಡೆ ಅಂತ ಗೊತ್ತಾಗ್ದಿದ್ರೆ ಒಂದು ಸಲ ವೈಪರ್ ಹಾಕಿ. ವೈಪರಿಗೆ ಹೋದ್ರೆ ಹೊರಗಿನದು, ಎಸಿ ತಂಪು ಜಾಸ್ತಿಯಾಗಿದೆ ಅಂತ ಅರ್ಥ. ಎಸಿ ಇಲ್ಲದ ಹಳೇ ಜೀಪಲ್ಲಿ ಎರಡೂ ಕಡೆ ಗಾಜು ಒಂದು ಬೆರಳು ಇಳಿಸಿ, ಒಣ ಬಟ್ಟೆ ಕೈಗೆ ಸಿಗೋ ಕಡೆ ಇಡಿ. ಒದ್ದೆ ಛತ್ರಿ, ಗೊರಬಿನ ಬದಲು ಬಂದ ರೇನ್‌ಕೋಟು, ನೆಂದ ಚೀಲ ಇವನ್ನ ರಾತ್ರಿ ಕಾರಲ್ಲೇ ಬಿಡಬೇಡಿ. ಕಾಲ್ಕೆಳಗಿನ ಮ್ಯಾಟು ತೆಗೆದು ಒಲೆ ಹತ್ರ ಒಣಗಿಸಿ.

ಕೊನೇದಾಗಿ, ಇದನ್ನ ಓದಿ ಇನ್ನೊಂದು ಕೆಲಸ ನಮ್ಮ ತಲೆಗೇ ಬಂತು ಅಂತ ಯಾರೂ ಸೆರಗು ಸಿಕ್ಕಿಸಿ ಎದ್ದು ಹೋಗಬೇಡಿ. ಕಾರು ಓಡಿಸೋ ಅಕ್ಕಂದಿರು ನಮ್ಮಲ್ಲಿ ಈಗ ಬೇಕಾದಷ್ಟಿದ್ದಾರೆ, ಅವರು ತಮ್ಮ ಗಾಜು ಒರೆಸ್ಕೊಳ್ಳಲಿ. ಗಂಡ, ಮಗ, ಮೈದುನ ಓಡಿಸೋದಾದ್ರೆ ಬಟ್ಟೆ ಅವರ ಕೈಗೆ ಕೊಡಿ. ಭಾನುವಾರ ಹೊಳೆ ಹತ್ರ ಟೈರು ಉಜ್ಜೋಕೆ ಟೈಮಿರೋರಿಗೆ ಗಾಜಿಗೆ ಇಪ್ಪತ್ತು ನಿಮಿಷ ಇಲ್ವಾ? ನಮ್ಮ ಪಾಲಿನ ಕೆಲಸ ಬೇರೆ ಇದೆ, ಅದನ್ನ ನಾವೇ ಮಾಡಬೇಕು. ಘಾಟಿಯಲ್ಲಿ ಗಾಜು ಬೆಳ್ಳಗಾದಾಗ ಬಾಯಿ ಮುಚ್ಚಿ ಅಣ್ಣಪ್ಪ ಸ್ವಾಮಿಗೆ ಹರಕೆ ಹೊರೋ ಬದಲು "ಸೈಡಿಗೆ ಹಾಕಿ, ಒರೆಸಿ, ಆಮೇಲೆ ಹೊರಡೋಣ" ಅಂತ ಗಟ್ಟಿಯಾಗಿ ಹೇಳೋದು. ಓಡಿಸೋರಿಗೆ ಸಿಟ್ಟು ಬರಬಹುದು. ಬರಲಿ ಬಿಡಿ, ಹಿಂದಿನ ಸೀಟಲ್ಲಿ ಮಕ್ಕಳಿರ್ತಾರೆ.