ಶಾಲೆಯ ಬದಲಿ ಕೂಲಿಗಳು

ಮಿಲ್ಲಿನ ಗೇಟಿನ ಮುಂದೆ ಬೆಳಗಿನ ಕೂಗಿಗೆ ಕಾದು ನಿಲ್ಲುತ್ತಿದ್ದ ಬದಲಿ ಕಾರ್ಮಿಕನನ್ನು ದಾವಣಗೆರೆಯ ಹಳಬರು ಮರೆತಿಲ್ಲ. ಖಾಯಂ ಆಳು ಬಾರದಿದ್ದರೆ ಅವನಿಗೆ ಕೆಲಸ, ಬಂದರೆ ಬರಿಗೈ. ಅದೇ ಬದಲಿಯನ್ನು ಇಂದು ಸರಕಾರ ತನ್ನ ಶಾಲೆಯೊಳಗೆ ತಂದು ನಿಲ್ಲಿಸಿದೆ. ಹೆಸರು ಮಾತ್ರ ಮರ್ಯಾದೆಯದು: ಅತಿಥಿ ಶಿಕ್ಷಕ.

2025-26ರ ಸಾಲಿಗೆ ರಾಜ್ಯದ ಸರಕಾರಿ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳಿಗೆ ಇಂಥ 51,000 ಅತಿಥಿಗಳು. ಯಾರೋ ರಜೆ ಹಾಕಿದ್ದಕ್ಕೆ ಬಂದವರಲ್ಲ ಇವರು. ಖಾಲಿ ಬಿದ್ದ ಹುದ್ದೆಗಳಿಗೆ ಬಂದವರು. ಖಾಯಂ ಆಳೇ ಇಲ್ಲದ ಮೇಲೆ ಇವರು ಯಾರ ಬದಲಿ?

2025ರ ಮುಂಗಡ ಪತ್ರದಲ್ಲಿ 2,000 ರೂಪಾಯಿ ಏರಿಸಿ, ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ 12,000 ಮಾಡಿದರು. ಅದೂ ಹತ್ತು ತಿಂಗಳಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಅತಿಥಿಗೆ ಹೊಟ್ಟೆಯಿಲ್ಲವೆಂದು ಇಲಾಖೆ ತಿಳಿದಂತಿದೆ. ವರ್ಷಕ್ಕೆ ಹಂಚಿದರೆ ತಿಂಗಳಿಗೆ 10,000 ಬಿತ್ತು. ಅಂಗಡಿಕಾರ ಬಂಧುಗಳಿಗೆ ಈ ಲೆಕ್ಕವನ್ನು ನಾವು ಹೇಳಬೇಕಾಗಿಲ್ಲ. ಅವರ ಉದ್ರಿ ಪುಸ್ತಕದಲ್ಲೇ ಇದೆ.

ಮಿಲ್ಲಿನ ಬದಲಿಗೆ ಕಾಯಿದೆಯ ಒಂದು ಆಸರೆಯಾದರೂ ಇತ್ತು. ಒಂದು ವರ್ಷದ ಎಡೆಬಿಡದ ಸೇವೆ ಮುಗಿಸಿದವನನ್ನು ಲೇ-ಆಫ್ ಪರಿಹಾರದ ಮಟ್ಟಿಗೆ ಬದಲಿಯೆಂದು ಎಣಿಸಕೂಡದೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆ ಹೇಳಿತ್ತು. ಮೇಷ್ಟರಿಗೆ ಅದೂ ಇಲ್ಲ. ಪಾಠ ಹೇಳುವವನು ಆ ಕಾಯಿದೆಯ ಅರ್ಥದಲ್ಲಿ ಕಾರ್ಮಿಕನಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲಿ ತೀರ್ಮಾನಿಸಿತು. (ಕಾರ್ಮಿಕನೆನಿಸಿಕೊಳ್ಳಲು ನಮ್ಮ ಮೇಷ್ಟರುಗಳಲ್ಲೂ ಕೆಲವರಿಗೆ ನಾಚಿಕೆ, ಅದು ಬೇರೆ ಮಾತು.) ಖಾಯಂ ಮಾಡಿರೆಂದು ಕೇಳಿದರೆ, ಕರ್ನಾಟಕ ಸರಕಾರವೇ ಕಕ್ಷಿಯಾಗಿದ್ದ ಉಮಾದೇವಿ ಮೊಕದ್ದಮೆಯ 2006ರ ತೀರ್ಪನ್ನು ಅಧಿಕಾರಿಗಳು ಮುಂದೆ ಹಿಡಿಯುತ್ತಾರೆ. ಅದೇ ಕೋರ್ಟು ಪಂಜಾಬಿನ ಹಂಗಾಮಿ ನೌಕರರ ಮೊಕದ್ದಮೆಯಲ್ಲಿ, 2016ರಲ್ಲಿ, ಸಮಾನ ಕೆಲಸಕ್ಕೆ ಸಮಾನ ವೇತನವೆಂದದ್ದು ಮಾತ್ರ ಅವರ ಕಡತಕ್ಕೆ ಸೇರುವುದಿಲ್ಲ.

ಒಂದು ಕಾಲಕ್ಕೆ ಮಗನನ್ನು ಟಿ.ಸಿ.ಎಚ್. ಓದಿಸಲು ಹೊಲ ಒತ್ತೆಯಿಟ್ಟ ಬಡವರುಂಟು. ಈಗ ಎಷ್ಟೋ ಡಿ.ಎಡ್. ಕಾಲೇಜುಗಳೇ ಬಾಗಿಲು ಹಾಕಿವೆ. 2022ರಲ್ಲಿ 15,000 ಪದವೀಧರ ಶಿಕ್ಷಕ ಹುದ್ದೆಗಳಿಗೆ ಅರ್ಜಿ ಕರೆದರು. ಆಯ್ಕೆಪಟ್ಟಿ ಕೋರ್ಟು ಕಚೇರಿ ಅಲೆಯಿತು. ಕೊನೆಗೂ ಅಷ್ಟು ಹುದ್ದೆಗಳು ತುಂಬಲಿಲ್ಲ. ಅರ್ಹತಾ ಪರೀಕ್ಷೆ ಪಾಸಾದವರು ಮುಂದಿನ ಕರೆಗೆ ಕಾಯುತ್ತ ವಯೋಮಿತಿ ದಾಟುತ್ತಿದ್ದಾರೆ.

ಸರಕಾರಿ ಶಾಲೆಗೆ ಮಕ್ಕಳೇ ಬರುತ್ತಿಲ್ಲ, ಖಾಯಂ ನೇಮಕ ಯಾಕೆ ಎಂಬ ವಾದ ಮೇಲಿನಿಂದ ಕೇಳಿಬರುತ್ತಿದೆ. ವರ್ಷಕ್ಕೊಬ್ಬ ಮೇಷ್ಟರು ಬದಲಾಗುವ ಶಾಲೆಗೆ ಯಾರು ಮಕ್ಕಳನ್ನು ಕಳಿಸಿಯಾರು? ಹಮಾಲಿ ಮಾಡುವವನೂ ಸಾಲ ತಂದು ಕಾನ್ವೆಂಟಿನ ಫೀ ಕಟ್ಟುತ್ತಿದ್ದಾನೆ.

ಖಾಲಿ ಹುದ್ದೆಗಳ ಪಟ್ಟಿಯನ್ನು ತಾಲ್ಲೂಕುವಾರು ಪ್ರಕಟಿಸಿ, ಯಾವ ತಿಂಗಳೊಳಗೆ ತುಂಬುತ್ತೇವೆಂದು ಮಂತ್ರಿಗಳು ಸಭೆಯಲ್ಲಿ ಹೇಳಲಿ. ಅಲ್ಲಿಯವರೆಗೆ ಅತಿಥಿ ಶಿಕ್ಷಕರಿಗೆ ಹನ್ನೆರಡು ತಿಂಗಳ ಸಂಬಳ ಕೊಡಲಿ, ನೇಮಕದಲ್ಲಿ ಅವರ ಸೇವೆಗೆ ಅಂಕ ಕೊಡಲಿ. ನಮ್ಮ ಕಾರ್ಮಿಕ ಸಂಘಗಳೂ ವರ್ತಕ ಬಂಧುಗಳೂ ಈ ಬೇಡಿಕೆಗೆ ಸಹಿ ಹಾಕಬೇಕೆಂದು ಕೇಳುತ್ತೇವೆ. ಆ ಶಾಲೆಯಲ್ಲಿ ಕೂತಿರುವುದು ಅವರದೇ ಮಕ್ಕಳು.