ನಕ್ಷೆಯ ಗೆರೆ ಮೊದಲು ನಮ್ಮ ಹೊಲದ ಮೇಲೆ ಬೀಳಲಿ



2023ರ ಯುಗಾದಿಗೆ ಮದ್ದೂರು ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದೆ. ಹಬ್ಬದ ಮಾರನೆಯ ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಗದ್ದೆಯ ಕಡೆ ನಡೆದವನು ಕುತೂಹಲಕ್ಕೆಂದು ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ತೆರೆದೆ. ಕಂದಾಯ ಇಲಾಖೆಗಾಗಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಈ ಆ್ಯಪ್, ನಾವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಹಳೆಯ ಗ್ರಾಮ ನಕ್ಷೆಯಲ್ಲಿರುವ ಕೆರೆ, ಹಳ್ಳ, ದಾರಿಗಳನ್ನು ಉಪಗ್ರಹ ಚಿತ್ರದ ಮೇಲೆ ಇಟ್ಟು ತೋರಿಸುತ್ತದೆ. ನಾನು ನಿಂತಿದ್ದು ನಮ್ಮ ಕಬ್ಬಿನ ಗದ್ದೆಯ ಬದುವಿನ ಮೇಲೆ. ಆದರೆ ಪರದೆಯ ಮೇಲಿನ ಚುಕ್ಕೆ ನಮ್ಮ ಸರ್ವೆ ನಂಬರಿನಲ್ಲಿ ಇರಲಿಲ್ಲ. ಊರ ಕೆರೆಗೆ ನೀರು ತರುವ ಹಳ್ಳದ ಒಳಗಿತ್ತು.

ಬದುವಿನುದ್ದಕ್ಕೂ ನಡೆದು ಲೆಕ್ಕ ಹಾಕಿದೆ. ಸುಮಾರು ಆರು ಗುಂಟೆ. ಸರ್ಕಾರಿ ಇಂಜಿನಿಯರನಾಗಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು, ಕೆರೆ ಒತ್ತುವರಿಯ ಬಗ್ಗೆ ಊರೂರಲ್ಲಿ ಭಾಷಣ ಮಾಡಿದವನು ನಾನು. ಅಂದು ಮನೆಗೆ ಬಂದು ಮಧ್ಯಾಹ್ನದವರೆಗೆ ಯಾರಿಗೂ ಏನೂ ಹೇಳಲಿಲ್ಲ.

ಊಟವಾದ ಮೇಲೆ ಅಣ್ಣನಿಗೆ ಹೇಳಿದೆ. ಅವನೇ ಬೇಸಾಯ ನೋಡಿಕೊಳ್ಳುವವನು. “ಏನಪ್ಪಾ ಇಂಜಿನಿಯರ್ರೇ, ನಿಂಗೆ ಪಿಂಚಣಿ ಬತ್ತದೆ ಅಂತ ಅಪ್ಪ ಬಿಟ್ಟೋದ ಭೂಮೀನ ಹಳ್ಳಕ್ಕೆ ಬಿಡ್ತೀಯಾ?” ಎಂದ. ಅವನ ಮಾತು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಬಿಸಿಲು ಮಳೆಯಲ್ಲಿ ಗೇದವನು ಅವನು. ವರ್ಷಕ್ಕೆರಡು ಸಲ ಬಂದು ಹೋಗುವವನು ನಾನು.

ಆದರೆ 2022ರ ಮಳೆಗಾಲ ನೆನಪಾಯಿತು. ಆ ವರ್ಷ ಮಂಡ್ಯ, ರಾಮನಗರ ಸೀಮೆಯಲ್ಲಿ ಸುರಿದ ಮಳೆಯನ್ನು ಯಾರೂ ಮರೆತಿಲ್ಲ. ನಮ್ಮೂರ ಹಳ್ಳ ಉಕ್ಕಿ ಕೆಳಗಿನ ಕಾಲೋನಿಯ ಮನೆಗಳಿಗೆ ನೀರು ನುಗ್ಗಿತ್ತು. ನಾವೆಲ್ಲ ಮಳೆಯನ್ನು ಬೈದೆವು, ಅಕ್ಕಿ ಬೇಳೆ ಕೊಟ್ಟು ದಾಸೋಹ ಮಾಡಿದೆವೆಂದು ಸಮಾಧಾನಪಟ್ಟೆವು. ಸಂಜೆ ಕಾಲೋನಿಗೆ ಹೋಗಿ ವಿಚಾರಿಸಿದಾಗ ಒಬ್ಬ ಅಜ್ಜಿ ಹೇಳಿದರು: “ಹಳ್ಳ ಇದ್ದಿದ್ದು ಇಷ್ಟೇ ಅಗಲ ಅಲ್ಲ ಸ್ವಾಮಿ. ನಾವು ಚಿಕ್ಕೋರಿದ್ದಾಗ ನಾಕು ಎಮ್ಮೆ ಸಾಲಾಗಿ ಮಲಗ್ತಿದ್ವು.” ಮೊಬೈಲು ಅಂದು ಬೆಳಿಗ್ಗೆ ತೋರಿಸಿದ್ದನ್ನು ಆ ತಾಯಿ ಯಾವ ಆ್ಯಪ್ ಇಲ್ಲದೆ ಬಲ್ಲವರಾಗಿದ್ದರು. ನಾವು ಕೇಳಿರಲಿಲ್ಲ, ಅಷ್ಟೆ.

ಸರಪಳಿಯಿಂದ ಉಪಗ್ರಹಕ್ಕೆ

ಭೂಮಿಯನ್ನು ಅಳೆಯುವ ವಿದ್ಯೆ ನಮಗೆ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ 33 ಅಡಿಯ ಸರಪಳಿ ಎಳೆದು, ಅಡ್ಡಪಟ್ಟಿ ಹಿಡಿದು, ಟಿಪ್ಪಣಿ ಬರೆದರು. ಸರಪಳಿಯೊಂದು ನಾಲ್ಕೂ ಕಡೆ ಹರಡಿದರೆ ಒಂದು ಗುಂಟೆ. ಆ ದಾಖಲೆಗಳು ದಶಕಗಳ ಕಾಲ ಶಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಗಂಟಿನಲ್ಲಿದ್ದವು. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಪಹಣಿಗಾಗಿ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು. ಆಮೇಲೆ ನಕ್ಷೆಗಳೂ ಬಂದವು. ಇಸ್ರೋದ ‘ಭುವನ್’ 2009ರಲ್ಲಿ ತೆರೆದುಕೊಂಡಿತು. 2016ರಿಂದ ಉದ್ಯೋಗ ಖಾತ್ರಿಯ ಕಾಮಗಾರಿಗಳ ಜಾಗವನ್ನು ಫೋಟೋ ಸಮೇತ ನಕ್ಷೆಯ ಮೇಲೆ ಗುರುತಿಸಲು ತೊಡಗಿದರು. 2020ರಿಂದ ರೈತರೇ ತಮ್ಮ ಬೆಳೆಯನ್ನು ಮೊಬೈಲಿನಲ್ಲಿ ದಾಖಲಿಸುವ ಬೆಳೆ ಸಮೀಕ್ಷೆ ನಡೆಯುತ್ತಿದೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ನಮ್ಮ ಗದ್ದೆಗಳ ಚಿತ್ರವನ್ನು ಸುಮಾರು ಐದು ದಿನಕ್ಕೊಮ್ಮೆ ತೆಗೆಯುತ್ತವೆ. ಯಾರು ಬೇಕಾದರೂ ಅದನ್ನು ಉಚಿತವಾಗಿ ನೋಡಬಹುದು. ಆ ಚಿತ್ರದ ಒಂದೊಂದು ಚುಕ್ಕೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ನಮ್ಮ ಅಜ್ಜಂದಿರ ಸರಪಳಿಯ ಲೆಕ್ಕ ಆಕಾಶದಿಂದ ತಿರುಗಿ ಬಂದಂತಿದೆ.

ವಿಶ್ವೇಶ್ವರಯ್ಯ ನಾಲೆಯ ವಿಚಾರವನ್ನೇ ನೋಡಿ. ಹಿಂದೆ ಇರ್ವಿನ್ ನಾಲೆ ಎನ್ನುತ್ತಿದ್ದ ಇದು ನಮ್ಮ ಜಿಲ್ಲೆಯ ಜೀವನಾಡಿ. ಆದರೆ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ನೆಲ ಚೌಳಾಗುತ್ತಿದ್ದರೆ, ಮದ್ದೂರು ಮತ್ತು ಮಳವಳ್ಳಿಯ ಕೊನೆ ಭಾಗದ ರೈತ ನಾಟಿ ಮಾಡಿದ ಪೈರು ಒಣಗುತ್ತದೆಂದು ರಸ್ತೆಗಿಳಿಯುತ್ತಾನೆ. ಕನ್ನಂಬಾಡಿ ತುಂಬಿದರೂ ಹಿಡಿಯುವುದು 49.45 ಟಿಎಂಸಿ ಅಡಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕಾವೇರಿಯಿಂದ ಇಡೀ ರಾಜ್ಯಕ್ಕೆ ದಕ್ಕಿದ್ದು 284.75 ಟಿಎಂಸಿ ಅಡಿ. ಇದ್ದ ನೀರನ್ನು ಹಂಚಿಕೊಳ್ಳದೆ ಬೇರೆ ದಾರಿಯಿಲ್ಲ. ಯಾವ ತೂಬಿನ ಕೆಳಗೆ ಯಾವ ವಾರ ಹಸಿರು ಬಂತು, ಎಲ್ಲಿ ಬರಲಿಲ್ಲ ಎಂಬುದನ್ನು ಉಪಗ್ರಹ ಚಿತ್ರ ಪಕ್ಷಪಾತವಿಲ್ಲದೆ ತೋರಿಸುತ್ತದೆ. ಆ ಚಿತ್ರವನ್ನು ನೀರು ಬಳಕೆದಾರರ ಸಂಘದ ಗೋಡೆಗೆ ಅಂಟಿಸಿದರೆ ಅರ್ಧ ಜಗಳ ಅಲ್ಲೇ ಮುಗಿದೀತು.

ಕಾಲು ನಡೆಯದ ನಕ್ಷೆ ಕುರುಡು

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಳವಳ್ಳಿ ಕಡೆಯ ಒಂದು ರಸ್ತೆಗೆ ಮೋರಿ ಕಟ್ಟಿಸಿದೆ. ಕೈಯಲ್ಲಿದ್ದದ್ದು ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ. ಅದರಲ್ಲಿ ಎತ್ತರದ ಗೆರೆಗಳು 20 ಮೀಟರಿಗೊಂದು. ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯರು, “ಸ್ವಾಮಿ, ನೀರು ಬರೋದು ಇಲ್ಲಲ್ಲ, ಆ ಹುಣಸೆಮರದ ತಾವು” ಎಂದರು. ಪುಸ್ತಕದ ವಿದ್ಯೆಯ ಬಿಸಿ ಆರದ ವಯಸ್ಸು ನನ್ನದು, ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೇ ಮಳೆಗೆ ಹುಣಸೆಮರದ ಬಳಿಯೇ ರಸ್ತೆ ಕೊಚ್ಚಿಹೋಯಿತು. 20 ಮೀಟರಿನ ಗೆರೆಗಳ ನಡುವೆ ಎಷ್ಟೋ ಹಳ್ಳಗಳು ಅಡಗಿರುತ್ತವೆ ಎಂಬುದು ಅಂದು ಗೊತ್ತಾಯಿತು.

ಅದೇ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು ನೀವೆಲ್ಲ ಬಲ್ಲಿರಿ. ಕುರಿ ಕಾಯುತ್ತಿದ್ದ ಅವರು ಕುರಿ ಮಾರಿದ ಹಣದಲ್ಲಿ ಬೆಟ್ಟದ ಇಳಿಜಾರಿನಲ್ಲಿ ಒಂದೊಂದಾಗಿ ಕಟ್ಟೆ ತೋಡಿಸಿದರು. ಪ್ರಾಣಿ ಪಕ್ಷಿಗಳಿಗೆ ನೀರಾಗಲಿ ಎಂಬುದಷ್ಟೇ ಅವರ ಆಸೆ. 2020ರಲ್ಲಿ ದೇಶದ ಪ್ರಧಾನಿ ತಮ್ಮ ಬಾನುಲಿ ಮಾತಿನಲ್ಲಿ ಅವರನ್ನು ನೆನೆದರು. 2022ರಲ್ಲಿ ಅವರು ತೀರಿಕೊಂಡರು. ಎಲ್ಲಿ ತೋಡಿದರೆ ನೀರು ನಿಲ್ಲುತ್ತದೆಂದು ಅವರಿಗೆ ಹೇಳಿಕೊಟ್ಟದ್ದು ಕುರಿಗಳ ಹಿಂದಿನ ನಡಿಗೆ. ಇಂದು ಕಂಪ್ಯೂಟರು ಭೂಮಿಯ ಏರಿಳಿತವನ್ನು ಲೆಕ್ಕ ಹಾಕಿ ನೀರು ಹರಿಯುವ ದಾರಿಯನ್ನು ನಿಮಿಷದಲ್ಲಿ ಬಿಡಿಸುತ್ತದೆ. ಆ ಗೆರೆಗೆ ಇಂಥ ನಡಿಗೆ ಜೊತೆಯಾದರೆ ಮಾತ್ರ ಕಟ್ಟೆ ಸರಿಯಾದ ಜಾಗದಲ್ಲಿ ಆದೀತು. ಇಲ್ಲವಾದರೆ ನನ್ನ ಮೋರಿಯ ಗತಿಯೇ.

ಆ್ಯಪ್‌ನ ಗೆರೆಯನ್ನೂ ಕುರುಡಾಗಿ ನಂಬಬಾರದು. ಸರಪಳಿಯ ಕಾಲದ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗೆರೆ ಒಂದಷ್ಟು ಮೀಟರ್ ಅತ್ತಿತ್ತ ಸರಿಯಬಹುದು. ಮೊಬೈಲಿನ ಜಿಪಿಎಸ್ ಇನ್ನಷ್ಟು ತಪ್ಪುತ್ತದೆ. 100 ಮೀಟರ್ ಉದ್ದದ ಬದುವಿನಲ್ಲಿ ಐದು ಮೀಟರ್ ತಪ್ಪಿದರೆ ಹತ್ತಿರ ಹತ್ತಿರ ಐದು ಗುಂಟೆ ವ್ಯತ್ಯಾಸ. ಇಷ್ಟಕ್ಕೆ ಅಣ್ಣತಮ್ಮಂದಿರು ಮಚ್ಚು ಹಿಡಿದ ಊರುಗಳಿವೆ. ಆ್ಯಪ್ ಅನುಮಾನ ಹುಟ್ಟಿಸಲಿಕ್ಕೆ ಸಾಕು, ತೀರ್ಪು ಕೊಡಲಿಕ್ಕೆ ಸಾಲದು. ತೀರ್ಪಿಗೆ ಹದ್ದುಬಸ್ತು ಅರ್ಜಿ ಹಾಕಿ ಸರ್ವೆಯರನ್ನೇ ಕರೆಸಬೇಕು. ಅವರ ಬಳಿಯ ರೋವರ್ ಉಪಕರಣ ಸರ್ವೆ ಆಫ್ ಇಂಡಿಯಾದ ಸ್ಥಿರ ಕೇಂದ್ರಗಳ ನೆರವಿನಿಂದ ಕೆಲವೇ ಸೆಂಟಿಮೀಟರ್ ನಿಖರತೆಯಲ್ಲಿ ಅಳೆಯುತ್ತದೆ.

ನಾವೂ ಹಾಗೆಯೇ ಮಾಡಿದೆವು. ಅಳತೆಯಾದಾಗ ಒತ್ತುವರಿ ಆರಲ್ಲ, ಮೂರು ಗುಂಟೆ ಎಂದಾಯಿತು. ಅಣ್ಣ ನನ್ನ ಮುಖ ನೋಡಿದ. ಆರು ಎಂದು ಹೆದರಿಸಿದ್ದಕ್ಕೆ ನಾನು ತಲೆ ತಗ್ಗಿಸಿದೆ. ಮೂರು ಇದ್ದದ್ದು ನಿಜವಾದ್ದರಿಂದ ಅವನೂ ಸುಮ್ಮನಾದ.

ಯಾರ ಕೈಯಲ್ಲಿ ನಕ್ಷೆ?

ತಂತ್ರಜ್ಞಾನ ಊರಿಗೆ ಬಂದಿತೆಂದರೆ ಊರಿಗೇ ಒಳಿತಾಯಿತೆಂದು ಅರ್ಥವಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಸುತ್ತಲ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಇಂದು ನಕ್ಷೆಯ ಕಥೆಯೂ ಹಾಗಾಗುವ ಭಯವಿದೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು. ಅದರ ಆಸುಪಾಸಿನ ಸರ್ವೆ ನಂಬರುಗಳು ರೈತನಿಗಿಂತ ಮೊದಲು ದಲ್ಲಾಳಿಯ ಮೊಬೈಲಿನಲ್ಲಿರುತ್ತವೆ. ಅದೇ ಆ್ಯಪ್, ಅದೇ ಗೆರೆ. ಒಬ್ಬನಿಗೆ ಕೆರೆ ಉಳಿಸಲು ಬೇಕು, ಇನ್ನೊಬ್ಬನಿಗೆ ಕೆರೆಯಂಚಿನ ಖರಾಬು ಎಲ್ಲಿದೆ ಎಂದು ತಿಳಿಯಲು ಬೇಕು.

ಕೆರೆ, ಗೋಮಾಳಗಳಂಥ ಊರ ಸಾರ್ವಜನಿಕ ಭೂಮಿಯ ಒತ್ತುವರಿ ತೆರವು ಮಾಡಬೇಕೆಂದು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ನಮ್ಮಲ್ಲಿ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯೂ ಇದೆ. ಆದರೆ ತೆರವಿನ ಜೆಸಿಬಿ ಮೊದಲು ಯಾರ ಬಾಗಿಲಿಗೆ ಹೋಗುತ್ತದೆಂದು ನಮಗೆಲ್ಲ ಗೊತ್ತು. ಕೆರೆಯಂಗಳದಲ್ಲಿ ಗುಡಿಸಲು ಹಾಕಿಕೊಂಡ ಕೂಲಿಯವನ ಬಳಿಗೆ ಹೋಗುತ್ತದೆ, ಹತ್ತು ಗುಂಟೆ ಕಬ್ಬು ಹಾಕಿದ ಗೌಡರ, ಗುರಿಕಾರರ ಬಳಿಗೆ ಹೋಗುವುದಿಲ್ಲ. ಭೂಮಿಯಿಲ್ಲದ ಕೂಲಿಗಾರರಿಗೆ, ಪರಿಶಿಷ್ಟರಿಗೆ ಸರ್ಕಾರವೇ ಕೊಟ್ಟ ಜಾಗ, ಶಾಲೆ, ಔಷಧಾಲಯ ಇಂಥವನ್ನು ಆ ತೀರ್ಪು ವಿಶೇಷ ಸಂದರ್ಭಗಳೆಂದು ಬೇರೆಯಾಗಿಯೇ ನೋಡಿತ್ತು. ಸೂರಿಲ್ಲದವನಿಗೆ ಬೇರೆ ಸೂರು ತೋರಿಸಿದ ಮೇಲೆಯೇ ಅವನನ್ನು ಎಬ್ಬಿಸಬೇಕು. ನಮ್ಮಂಥವರು ಮಾತ್ರ ಯಾರೂ ಕೇಳುವ ಮೊದಲೇ ಬಿಡಬೇಕು.

ಮಠಗಳಿಂದ ಆರಂಭವಾಗಲಿ

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಶರಣರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ‘ಒಡ್ಡರಾಮ’ ಎಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಪ್ರಭುಗಳು ಅಲ್ಲಗಳೆದದ್ದು ಕೆರೆಯನ್ನಲ್ಲ, ನಾನು ಕಟ್ಟಿದೆನೆಂಬ ಭಾವವನ್ನು ಎಂದು ನಾನು ತಿಳಿದಿದ್ದೇನೆ. ಇಂಜಿನಿಯರನಿಗೆ ಇದಕ್ಕಿಂತ ದೊಡ್ಡ ಪಾಠ ಕಾಲೇಜಿನಲ್ಲಿ ಸಿಗಲಿಲ್ಲ. ನುಲಿಯ ಚಂದಯ್ಯನವರು ಕೆರೆಯಂಚಿನ ಹುಲ್ಲು ಕೊಯ್ದು ಹಗ್ಗ ಹೊಸೆದು ದಾಸೋಹ ಮಾಡಿದರು. ಕೆರೆಗೆ ಅಂಚೇ ಇಲ್ಲದಂತೆ ನಾವು ಉತ್ತುಬಿಟ್ಟರೆ ಇಂದಿನ ಚಂದಯ್ಯ ಎಲ್ಲಿಗೆ ಹೋಗಬೇಕು?

ಆದ್ದರಿಂದ ಪೂಜ್ಯರಲ್ಲಿ, ಬಸವ ಬಳಗಗಳಲ್ಲಿ ನನ್ನ ವಿನಂತಿ ಇಷ್ಟು. ಒಂದೊಂದು ಮಠ ತನ್ನ ಹತ್ತಿರದ ಒಂದೊಂದು ಕೆರೆಯನ್ನು ಆರಿಸಿಕೊಳ್ಳಲಿ. ಆ ಕೆರೆಯ ಗ್ರಾಮ ನಕ್ಷೆಯನ್ನೂ ಉಪಗ್ರಹ ಚಿತ್ರವನ್ನೂ ದೊಡ್ಡದಾಗಿ ಮುದ್ರಿಸಿ, ಬಸವ ಜಯಂತಿಯ ದಿನ ಎಲ್ಲ ಜಾತಿಯ ಊರವರನ್ನು ಕೂರಿಸಿ, ಎಲ್ಲರೆದುರು ಓದಲಿ. ಅನುಭವ ಮಂಟಪದಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದಿತ್ತು. ಈ ನಕ್ಷೆಯನ್ನೂ ಯಾರು ಬೇಕಾದರೂ ಪ್ರಶ್ನಿಸಲಿ. ಆಮೇಲೆ ನೀರುಗಂಟಿ, ಕುರಿ ಕಾಯುವವರು, ಕಾಲೋನಿಯ ತಾಯಂದಿರು, ಕಾಲೇಜಿನ ಮಕ್ಕಳು ಒಟ್ಟಾಗಿ ಕೋಡಿಯಿಂದ ಹಳ್ಳದ ತಲೆಯವರೆಗೆ ನಡೆಯಲಿ. ಮೊಬೈಲು ಮಕ್ಕಳ ಕೈಯಲ್ಲಿರಲಿ, ಮಾತು ಹಿರಿಯರದಾಗಿರಲಿ. ಅನುಮಾನವಿದ್ದಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಲಿ. ಈ ಕೆಲಸಕ್ಕೆ ನಮ್ಮಂಥ ನಿವೃತ್ತರು ನಮ್ಮ ಸಮಯವನ್ನು ದಾಸೋಹವಾಗಿ ಕೊಡಬೇಕು. ನಾನು ಸಿದ್ಧನಿದ್ದೇನೆ.

ಕೊನೆಯದಾಗಿ ಒಂದು ಮಾತು. ಇದನ್ನು ಹೇಳಲು ಸಂಕೋಚವಿದೆ, ಆದರೆ ಹೇಳಲೇಬೇಕು. ಮಠಗಳಿಗೂ ಜಮೀನುಗಳಿವೆ, ಅವುಗಳ ಪಕ್ಕದಲ್ಲೂ ಹಳ್ಳ ಕೆರೆಗಳಿವೆ. ಊರ ನಕ್ಷೆ ಬಿಡಿಸುವ ಮೊದಲು ಮಠದ ಜಮೀನಿನ ಗಡಿ ಅಳೆಸಿ, ಹೆಚ್ಚಿದ್ದರೆ ಮೊದಲು ಅದನ್ನು ಬಿಡಲಿ. ಬುದ್ಧಿಯವರೇ ಮುಂದೆ ನಿಂತು ಒಂದು ಗುಂಟೆ ಬಿಟ್ಟರೆ ಊರು ಹತ್ತು ಗುಂಟೆ ಬಿಡುತ್ತದೆ. ನೋಟಿಸು ಮಾಡಲಾಗದ್ದನ್ನು ಆ ಒಂದು ಗುಂಟೆ ಮಾಡುತ್ತದೆ.

ಆ ವರ್ಷ ಕಬ್ಬು ಕಡಿದ ಮೇಲೆ ಅಣ್ಣ ಆ ಮೂರು ಗುಂಟೆಯಲ್ಲಿ ಕೂಳೆ ಬಿಡಲಿಲ್ಲ. ಬದುವನ್ನು ಹಿಂದಕ್ಕೆ ಹಾಕಿಸಿದ. ನನ್ನೊಡನೆ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಈಗ ಆ ಜಾಗದಲ್ಲಿ ಹುಲ್ಲು ಬೆಳೆದಿದೆ, ಕಾಲೋನಿಯವರು ಎಮ್ಮೆ ಬಿಡುತ್ತಾರೆ. ಹಳ್ಳದ ಮೇಲ್ಭಾಗದಲ್ಲಿ ಇನ್ನೂ ನಾಲ್ಕು ಸರ್ವೆ ನಂಬರಿನವರು ಬಿಟ್ಟಿಲ್ಲ. ಅವರನ್ನು ಕೇಳುವ ಬಾಯಿ ಮಾತ್ರ ಈಗ ನಮಗಿದೆ.