‘ಟಿಕೆಟ್ ನೋಡು’ ಅಂದರೆ ಏನು ಮಾಡಬೇಕು?

‘ಶುಕ್ರವಾರ ರಾತ್ರಿ ಹುಬ್ಬಳ್ಳಿಗೆ ಒಂದು ಟಿಕೆಟ್ ನೋಡು.’ ಮುಂಬೈಯ ಯಾವ ಕನ್ನಡ ಮನೆಯಲ್ಲಾದರೂ ಕೇಳಿಬರಬಹುದಾದ ಮಾತಿದು. ಇಲ್ಲಿ ‘ನೋಡು’ ಅಂದರೆ ಸೀಟು ಇದೆಯೇ ಎಂದು ನೋಡಿ ಹೇಳುವುದೋ, ಇದ್ದರೆ ಬುಕ್ ಮಾಡಿಯೇಬಿಡುವುದೋ? ‘ಬಾಡಿಗೆಗೆ ಮನೆ ನೋಡಿ’, ‘ಅವನಿಗೊಂದು ಕೆಲಸ ನೋಡಿ’ ಎನ್ನುವಾಗಲೂ ಈ ಕ್ರಿಯಾಪದ ಕಣ್ಣಿನ ಕೆಲಸಕ್ಕೆ ನಿಲ್ಲುವುದಿಲ್ಲ. ಎಲ್ಲಿಯವರೆಗೆ ಹೋಗಬೇಕು ಎಂಬುದನ್ನು ಮನೆಯವರು ಹೇಳಿದವರ ಸ್ವಭಾವದಿಂದ, ಹಬ್ಬದ ನೂಕುನುಗ್ಗಲಿನಿಂದ ಊಹಿಸಿಕೊಳ್ಳುತ್ತಾರೆ. ಇದೇ ಮಾತನ್ನು ಎಐ ಏಜೆಂಟಿಗೆ ಹೇಳಿದರೆ?

ಏಜೆಂಟ್ ಅಂದರೆ ಬರೀ ಉತ್ತರ ಕೊಡದೆ, ಬೇರೆ ಪ್ರೋಗ್ರಾಂಗಳ ಮೂಲಕ ಕೆಲಸ ಮಾಡಿಸುವ ಭಾಷಾ ಮಾದರಿ. ಆ ಪ್ರೋಗ್ರಾಂಗಳನ್ನು ‘ಟೂಲ್’ ಎನ್ನುತ್ತಾರೆ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಮಾದರಿಗಳಿಗೆ ಇಂಥ ಸೌಲಭ್ಯ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಟೂಲ್‌ಗಳನ್ನು ಜೋಡಿಸಲು ಎಲ್ಲರೂ ಬಳಸಬಹುದಾದ ಪದ್ಧತಿಯೊಂದನ್ನು ಮುಂದಿಟ್ಟಿತು. ಪದ್ಧತಿ ಯಾವುದೇ ಇರಲಿ, ಮಾದರಿಯ ಮುಂದೆ ಸಾಮಾನ್ಯವಾಗಿ ಇರುವುದು ಮೂರೇ: ಟೂಲ್‌ನ ಹೆಸರು, ಆಡುಮಾತಿನಲ್ಲಿ ಬರೆದ ವಿವರಣೆ, ಅದಕ್ಕೆ ಒದಗಿಸಬೇಕಾದ ಮಾಹಿತಿಯ ಪಟ್ಟಿ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಪ್ರೋಗ್ರಾಮರ್‌ನ ತಲೆಯಲ್ಲಿದ್ದು ಈ ಮೂರರಲ್ಲಿ ಇಲ್ಲದ್ದು, ಏಜೆಂಟಿನ ಪಾಲಿಗೆ ಇಲ್ಲವೇ ಇಲ್ಲ.

ಆದರೂ ವಿವರಣೆಯೆಂದರೆ ಕೆಲಸವೆಲ್ಲ ಮುಗಿದ ಮೇಲೆ ಗೀಚುವ ಒಂದು ಸಾಲು ಎಂಬ ಭಾವನೆ ಹೋಗಿಲ್ಲ. ‘ರೈಲು ಟಿಕೆಟ್ ಸೇವೆ. ಊರು, ದಿನಾಂಕ ಕೊಡಿ’ ಎಂಬ ವಿವರಣೆಯನ್ನು ಊಹಿಸಿಕೊಳ್ಳಿ. ಇದು ಸೀಟು ತೋರಿಸುತ್ತದೋ, ಹಣ ಕಡಿದು ಬುಕ್ ಮಾಡುತ್ತದೋ? ಬೆಂಗಳೂರು ಅಂದರೆ ಕೆಎಸ್‌ಆರ್ ನಿಲ್ದಾಣವೋ, ಯಶವಂತಪುರವೋ? 03/04 ಅಂದರೆ ಏಪ್ರಿಲ್ 3 ಅಥವಾ ಮಾರ್ಚ್ 4? ಜನ ‘ಶುಕ್ರವಾರ ರಾತ್ರಿ’ ಎನ್ನುವ ಹನ್ನೆರಡೂವರೆ ಗಂಟೆಯ ರೈಲು ರೈಲ್ವೆಯ ಲೆಕ್ಕದಲ್ಲಿ ಶನಿವಾರದ್ದು. ಇನ್ನು ಉತ್ತರವಾಗಿ ‘ಡಬ್ಲ್ಯುಎಲ್ 12’ ಎಂದು ಬಂದರೆ ಅದು ಸೀಟಲ್ಲ, ಕಾಯುವವರ ಸಾಲಿನಲ್ಲೊಂದು ಜಾಗ. ಚಾರ್ಟ್ ಆದ ಮೇಲೂ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗುತ್ತದೆ. ಇದನ್ನು ತಿಳಿಯದ ಏಜೆಂಟ್ ‘ಟಿಕೆಟ್ ಆಯಿತು’ ಎಂದು ಹೇಳಿಬಿಟ್ಟರೆ, ಪೆಟ್ಟಿಗೆ ಕಟ್ಟಿಕೊಂಡು ಕೂತವರು ಅದನ್ನೇ ನಂಬುತ್ತಾರೆ.

ಒಳ್ಳೆಯ ವಿವರಣೆ ಹೀಗಿರಬಹುದು: ‘ಈ ಟೂಲ್ ಟಿಕೆಟ್ ಬುಕ್ ಮಾಡಿ ಖಾತೆಯಿಂದ ಹಣ ಕಡಿಯುತ್ತದೆ, ರದ್ದು ಮಾಡಿದರೆ ಪೂರ್ತಿ ಹಣ ಮರಳದಿರಬಹುದು. ಪ್ರಯಾಣಿಕರು ರೈಲು, ದರ್ಜೆ, ದರ ಮೂರನ್ನೂ ಒಪ್ಪಿದ ಮೇಲೆ ಮಾತ್ರ ಬಳಸಿ. ಸೀಟು ಇದೆಯೇ ಎಂದು ತಿಳಿಯಲು ಇದನ್ನು ಬಳಸಬೇಡಿ. ಅದಕ್ಕೆ “ಸೀಟು ಹುಡುಕು” ಟೂಲ್ ಇದೆ. ಊರಿನ ಹೆಸರು ಬೇಡ, ನಿಲ್ದಾಣದ ಕೋಡ್ ಕೊಡಿ, ಹುಬ್ಬಳ್ಳಿಗೆ ಯುಬಿಎಲ್. ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಯಿರಿ. ರಾತ್ರಿ 12ರ ನಂತರದ ರೈಲಾದರೆ ದಿನಾಂಕವನ್ನು ಪ್ರಯಾಣಿಕರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.’ ಇದರಲ್ಲಿ ಅಲಂಕಾರವಿಲ್ಲ. ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಮಾಡಿದ್ದನ್ನು ಹಿಂತೆಗೆಯಬಹುದೇ ಎಂಬುದಷ್ಟೇ ಇದೆ. ಹೆಚ್ಚಾಗಿ ಬಿಟ್ಟುಹೋಗುವುದು ಕೊನೆಯ ಎರಡು.

ಮಾದರಿಗಳು ದಿನೇ ದಿನೇ ಜಾಣವಾಗುತ್ತಿವೆ, ಇಷ್ಟೆಲ್ಲ ಬಿಡಿಸಿ ಹೇಳಬೇಕಾಗಿಲ್ಲ ಎನ್ನುವವರಿದ್ದಾರೆ. ಆದರೆ ಈ ಟೂಲ್ ಹಣ ಕಡಿಯುತ್ತದೆಯೇ ಎಂಬುದು ಜಾಣತನದಿಂದ ಹೊಳೆಯುವ ಸಂಗತಿಯಲ್ಲ, ಯಾರಾದರೂ ಹೇಳಿದರೆ ಮಾತ್ರ ತಿಳಿಯುವಂಥದ್ದು. ಜಾಣರ ಊಹೆ ತಪ್ಪಾದಾಗಲೂ ಸರಿಯೆಂಬಂತೆಯೇ ಕೇಳಿಸುತ್ತದೆ. ಅಪಾಯ ಇನ್ನೂ ಹೆಚ್ಚು. ಹಾಗೆಂದು ವಿವರಣೆ ಬೀಗವೂ ಅಲ್ಲ. ಒಪ್ಪಿಗೆಯಿಲ್ಲದೆ ಹಣ ಹೋಗಲೇಬಾರದು ಅಂತಿದ್ದರೆ ಅದನ್ನು ಕೋಡ್‌ನಲ್ಲೇ ತಡೆಯಬೇಕು. ವಿವರಣೆಯನ್ನು ಪುರಾಣದಷ್ಟು ಉದ್ದ ಮಾಡಿದರೂ ಮುಖ್ಯ ಮಾತು ಅದರಲ್ಲಿ ಹೂತುಹೋಗುತ್ತದೆ.

ಹಾಗಾಗಿ ಇದು ಪ್ರೋಗ್ರಾಮರ್ ಒಬ್ಬರಿಗೇ ಬಿಡುವ ಕೆಲಸವಲ್ಲ. ಒಂದು ಮಾತನ್ನು ಎಷ್ಟು ರೀತಿಯಲ್ಲಿ ತಪ್ಪಾಗಿ ಓದಬಹುದು ಎಂದು ಯೋಚಿಸುವುದು ಸಂಪಾದಕರ, ಅನುವಾದಕರ ದಿನದ ಕಸುಬು. ಅವರನ್ನು ಮೊದಲೇ ಕೂರಿಸಿಕೊಳ್ಳಬೇಕು, ಆ ಕೆಲಸಕ್ಕೆ ಸಂಬಳವನ್ನೂ ಕೊಡಬೇಕು. ಪರೀಕ್ಷೆ ಕಷ್ಟದ್ದೇನಲ್ಲ. ಕೋಡ್ ನೋಡಿರದ ಒಬ್ಬರ ಕೈಗೆ ವಿವರಣೆ ಕೊಟ್ಟು, ಜನ ನಿಜವಾಗಿ ಆಡುವ ಹತ್ತು ಮಾತುಗಳನ್ನು ಮುಂದಿಟ್ಟು, ಪ್ರತಿಯೊಂದಕ್ಕೂ ಏನು ಮಾಡುತ್ತೀರಿ ಎಂದು ಕೇಳಿದರೆ ಸಾಕು. ಆ ಹತ್ತರಲ್ಲಿ ಇಂಗ್ಲಿಷ್ ಮಾತುಗಳಷ್ಟೇ ಇದ್ದರೆ ಪರೀಕ್ಷೆ ಅರ್ಧವೇ ಆದಂತೆ. ‘ನಾಡಿದ್ದು’ ಎನ್ನುವವರೂ, ನಾಳೆಗೂ ನಿನ್ನೆಗೂ ಒಂದೇ ‘ಕಲ್’ ಬಳಸುವ ಹಿಂದಿಯವರೂ ಅದೇ ಟೂಲ್‌ನ ಬಾಗಿಲಿಗೆ ಬರುತ್ತಾರೆ. ಓದಿದವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದ್ದು ವಿವರಣೆಯನ್ನು, ಜನರ ಮಾತನ್ನಲ್ಲ.